ಕ್ಲೋರಿನ್‌ನ ತೂಕ 35.5 ಹೇಗೆ? ಅರ್ಧ ನ್ಯೂಟ್ರಾನ್ ಇರುತ್ತಾ?

ಅರ್ಧ ನ್ಯೂಟ್ರಾನ್ ಎಲ್ಲೂ ಇಲ್ಲ ಮಾರಾಯ್ರೆ. 35.5 ತೂಗುವ ಕ್ಲೋರಿನ್ ಪರಮಾಣು ಹುಡುಕಿದರೂ ಒಂದೂ ಸಿಗುವುದಿಲ್ಲ, ಅದು ಬರೀ ಸರಾಸರಿ.

ಕ್ಲೋರಿನ್ ಅಂದರೆ 17 ಪ್ರೋಟಾನ್. ಅದು ಬದಲಾದರೆ ಧಾತುವೇ ಬೇರೆ. ಆದರೆ ನ್ಯೂಟ್ರಾನ್ ಕೆಲವದರಲ್ಲಿ 18, ಕೆಲವದರಲ್ಲಿ 20. ಪ್ರೋಟಾನ್, ನ್ಯೂಟ್ರಾನ್ ಕೂಡಿಸಿದರೆ 35 ಮತ್ತು 37, ಹಾಗಾಗಿ ಎರಡು ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು).

ಹಾಗಾದರೆ ಸರಾಸರಿ 36 ಆಗಬೇಕಲ್ವಾ? ಹೆಚ್ಚಿನವರು ಎಡವುವುದು ಇಲ್ಲೇ. ಎರಡೂ ಸಮಸಮ ಇಲ್ಲ, 35ರದ್ದು ಸುಮಾರು 76 ಶೇಕಡಾ, 37ರದ್ದು 24, ಅಂದರೆ ಹತ್ತಿರ ಹತ್ತಿರ ಮೂರಕ್ಕೆ ಒಂದು. ಮಲ್ಪೆಯಲ್ಲಿ ನಾಲ್ಕು ಬಂಗುಡೆ ತಗೊಂಡಿರಿ ಅಂತಿಟ್ಟುಕೊಳ್ಳಿ, ಮೂರು 140 ಗ್ರಾಂನವು, ಒಂದು ಸ್ವಲ್ಪ ದಪ್ಪ, 148 ಗ್ರಾಂ. ಒಟ್ಟು 568, ನಾಲ್ಕರಿಂದ ಭಾಗಿಸಿದರೆ 142. ಆದರೆ ಚೀಲದಲ್ಲಿ 142 ಗ್ರಾಂನ ಬಂಗುಡೆ ಒಂದೂ ಇಲ್ಲ! ಕ್ಲೋರಿನ್ ಲೆಕ್ಕವೂ ಹೀಗೇ: 35×3, ಅದಕ್ಕೆ 37 ಸೇರಿಸಿ, 142. ನಾಲ್ಕರಿಂದ ಭಾಗಿಸಿ, 35.5. (ಸರಿಯಾದ ಬೆಲೆ 35.45, ಪರೀಕ್ಷೆಗೆ 35.5 ಸಾಕು.)

ಈ 35.5ಕ್ಕೆ ಗ್ರಾಂ, ಕಿಲೋಗ್ರಾಂ ಹಾಕಬೇಡಿ, ಸುಮ್ನೆ ಮಾರ್ಕ್ ಹೋಗುತ್ತದೆ. ಕಾರ್ಬನ್-12 ಪರಮಾಣುವಿನ ಹನ್ನೆರಡನೇ ಒಂದು ಭಾಗಕ್ಕಿಂತ ಎಷ್ಟು ಪಟ್ಟು ಭಾರ ಅನ್ನುವುದಷ್ಟೇ ಇದು.

ಅಂದಹಾಗೆ ನೀವು ಗಂಜಿಗೆ ಹಾಕುವ ಉಪ್ಪಿನಲ್ಲಿ ಎರಡೂ ಬಗೆಯ ಕ್ಲೋರಿನ್ ಇದೆ. ರಾಸಾಯನಿಕ ಗುಣ ನಿರ್ಧರಿಸುವ ಎಲೆಕ್ಟ್ರಾನ್ ಎರಡರಲ್ಲೂ ಅಷ್ಟೇ ಇವೆ, ಆದ್ದರಿಂದ ನಾಲಗೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.