ನಾಯಿಯನ್ನು ಪಾರ್ಕಿಗೆ ಕರೆದೊಯ್ದು ಬೇರೆ ನಾಯಿಗಳೊಡನೆ ಆಡಿಸಲೇಬೇಕೇ?

ಆಡಿಸಲೇಬೇಕೆಂದಿಲ್ಲ. ಮನೆಯವರ ಒಡನಾಟ, ದಿನವೂ ನೆಲ ಮೂಸುತ್ತ ಸಾಗುವ ನಡಿಗೆ, ಒಂದಿಷ್ಟು ಆಟ ಸಿಕ್ಕರೆ ಬೆಳೆದ ನಾಯಿ ಅಪರಿಚಿತ ನಾಯಿಗಳ ಗುಂಪಿಲ್ಲದೆಯೂ ನೆಮ್ಮದಿಯಿಂದ ಇರುತ್ತದೆ.

ಬೆರೆಯುವ ಗುಣ ಮುಖ್ಯವಾಗಿ ರೂಪುಗೊಳ್ಳುವುದು ಮರಿಯಾಗಿದ್ದಾಗ. ಸುಮಾರು 3ನೇ ವಾರದಿಂದ 12–14ನೇ ವಾರದವರೆಗೆ ಮರಿ ಹೊಸದನ್ನು ಹೆಚ್ಚು ಹೆದರದೆ ಒಪ್ಪಿಕೊಳ್ಳುತ್ತದೆ. ಆಗ ಕಂಡ ಜನ, ನಾಯಿ, ವಾಹನದ ಸದ್ದು ಅದಕ್ಕೆ ಸಹಜವೆನಿಸುತ್ತವೆ, ಆಮೇಲೆ ಎದುರಾದ ಅಪರಿಚಿತವಾದುದನ್ನು ಅದು ಮೊದಲು ಶಂಕಿಸುತ್ತದೆ. ಆದರೂ ಲಸಿಕೆಗಳು ಪೂರ್ಣವಾಗುವವರೆಗೆ ಮರಿಯನ್ನು ಪಾರ್ಕಿನ ನೆಲಕ್ಕೆ ಬಿಡಬೇಡಿ, ಏಕೆಂದರೆ ಮಾರಕವಾದ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ನಾನು ನನ್ನ ಮರಿಯನ್ನು ಎತ್ತಿಕೊಂಡೇ ತುಮಕೂರಿನ ಅಮಾನಿಕೆರೆಯ ಬಳಿ ನಿಂತು ಬಸ್ಸು, ಮಕ್ಕಳು, ಬೀದಿನಾಯಿಗಳನ್ನು ದೂರದಿಂದ ತೋರಿಸುತ್ತಿದ್ದೆ. ಲಸಿಕೆಯಾದ ನೆರೆಮನೆಯ ಶಾಂತ ನಾಯಿಯೊಂದೇ ಅದಕ್ಕೆ ಆಟದ ಜೊತೆಯಾಗಿತ್ತು.

ನಿಮ್ಮ ನಾಯಿ ಇನ್ನೊಂದನ್ನು ಕಂಡು ಮೈ ಸಡಿಲಿಸಿ, ಮುಂಗಾಲು ಚಾಚಿ ಬಗ್ಗಿದರೆ ಆಡಲು ಬಿಡಿ. ಬಾಲ ಮುದುರಿ, ಮುಖ ತಿರುಗಿಸಿ, ಮತ್ತೆ ಮತ್ತೆ ತುಟಿ ನೆಕ್ಕಿಕೊಂಡರೆ ದಯವಿಟ್ಟು ಒತ್ತಾಯಿಸದೆ ಅಲ್ಲಿಂದ ಕರೆದುಕೊಂಡು ಬನ್ನಿ.