ವಿಎಫ್‌ಡಿ ಆನ್ ಮಾಡಿದರೆ ಪ್ರೆಷರ್ ರೀಡಿಂಗ್ ಕುಣಿಯುವ ಬಗ್ಗೆ

ವಿಎಫ್‌ಡಿ (ಮೋಟಾರ್‌ನ ವೇಗ ಬದಲಿಸುವ ಡ್ರೈವ್) ಮೂಲಕ ಮೋಟಾರ್ ಓಡುವಾಗ ಮಾತ್ರ ಪ್ರೆಷರ್ ಟ್ರಾನ್ಸ್‌ಮಿಟರ್‌ನ (ಒತ್ತಡ ಅಳೆದು ಅದನ್ನು ಕರೆಂಟ್ ಸಿಗ್ನಲ್ ಆಗಿ ಕಳಿಸುವ ಸಾಧನ) 4-20 ಮಿಲಿಆಂಪ್ ರೀಡಿಂಗ್ ಕುಣಿಯುತ್ತದೆ, ನಿಂತರೆ ಸರಿಹೋಗುತ್ತದೆ ಅಂದಿದ್ದೀರಿ. ಹಾಗಾದರೆ ಟ್ರಾನ್ಸ್‌ಮಿಟರ್ ಬದಲಿಸಲು ಹೋಗಬೇಡಿ, ಸುಮ್ನೆ ದುಡ್ಡು ದಂಡ.

ಮೊದಲು ಡ್ರೈವ್‌ನ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು (ಅದರೊಳಗಿನ ಸ್ವಿಚ್‌ಗಳು ಆನ್-ಆಫ್ ಆಗುವ ವೇಗ) 8 ಕಿಲೋಹರ್ಟ್ಸ್‌ನಿಂದ 4ಕ್ಕೆ ಇಳಿಸಿ ನೋಡಿ. ಮೋಟಾರ್ ಸ್ವಲ್ಪ ಜಾಸ್ತಿ ಕೀರಲು ಸದ್ದು ಮಾಡಬಹುದು, ಪರವಾಗಿಲ್ಲ. ಕುಣಿತ ಕಡಿಮೆಯಾದರೆ ನಾಯ್ಸ್ (ಸಿಗ್ನಲ್ ಕೆಡಿಸುವ ಬೇಡದ ವಿದ್ಯುತ್ ಅಲೆ) ಡ್ರೈವ್‌ನಿಂದಲೇ ಬರುತ್ತಿದೆ ಅಂತ ಗೊತ್ತಾಗುತ್ತದೆ.

ಆಮೇಲೆ ಪ್ಯಾನಲ್ ಬಾಗಿಲು ತೆಗೆದು ಮೋಟಾರ್ ಕೇಬಲ್‌ನ ಶೀಲ್ಡ್, ಅಂದರೆ ತಂತಿಗಳ ಸುತ್ತಲಿನ ಲೋಹದ ಹೊದಿಕೆ, ನೋಡಿ (ಪವರ್ ಆಫ್ ಮಾಡಿ, ಡ್ರೈವ್‌ನ ಕೆಪಾಸಿಟರ್ ಖಾಲಿಯಾಗುವ ತನಕ ಕಾದು!). ಹೆಚ್ಚಿನ ಕಡೆ ಅದನ್ನು ಜಡೆಯ ಹಾಗೆ ಹೊಸೆದು, ಲಗ್ ಹಾಕಿ, ಅರ್ತ್ ಬಾರ್‌ಗೆ ಎಳೆದಿರುತ್ತಾರೆ. ಮಾಮೂಲಿ ಕರೆಂಟಿನ 50 ಹರ್ಟ್ಸ್‌ಗೆ ಆ ಅರ್ತ್ ಸಾಕು. ಆದರೆ ಡ್ರೈವ್‌ನ ನಾಯ್ಸ್ ಮೆಗಾಹರ್ಟ್ಸ್‌ಗಳ ತನಕ ಹೋಗುತ್ತದೆ, ಅಲ್ಲಿ ಆ ಗೇಣುದ್ದದ ತಂತಿಯೇ ದೊಡ್ಡ ಅಡ್ಡಿ. ಶೀಲ್ಡ್ ಸುತ್ತಲೂ ಕಚ್ಚಿ ಹಿಡಿಯುವ ಲೋಹದ ಕ್ಲ್ಯಾಂಪ್ ಹಾಕಿ, ಡ್ರೈವ್ ಕಡೆಗೂ ಮೋಟಾರ್ ಕಡೆಗೂ. ಕ್ಲ್ಯಾಂಪ್ ಕೂರುವ ಜಾಗದಲ್ಲಿ ಪ್ಲೇಟಿನ ಪೇಂಟ್ ಕೆರೆಯುವುದನ್ನು ಮರೆಯಬೇಡಿ, ಎಷ್ಟೋ ಸಲ ತೊಂದರೆ ಇರುವುದೇ ಅಲ್ಲಿ.

ಸಿಗ್ನಲ್ ಕೇಬಲ್ ಅದೇ ಟ್ರೇನಲ್ಲಿ ಇದ್ದರೆ ಒಂದಡಿಯಾದರೂ ದೂರ ಸರಿಸಿ. ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿಸಿ. ಅದು ಹೆಣೆದ ಜೋಡಿ ತಂತಿಯ ಶೀಲ್ಡೆಡ್ ಕೇಬಲ್ ತಾನೇ?

ಇನ್ನು ಯಾರೋ ಹೇಳಿದ ಹಾಗೆ ಇನ್‌ಸ್ಟ್ರುಮೆಂಟ್‌ಗೆ ಪ್ರತ್ಯೇಕ ಅರ್ತ್ ಪಿಟ್ ತೋಡಿಸಿ ಉಳಿದ ಅರ್ತ್‌ನಿಂದ ಬೇರೆ ಇಡುವ ಯೋಚನೆ ಬಿಟ್ಟುಬಿಡಿ. ಎಲ್ಲ ಅರ್ತ್‌ಗಳೂ ಒಂದಕ್ಕೊಂದು ಬೆಸೆದಿರಬೇಕು. ಇಲ್ಲದಿದ್ದರೆ ಫಾಲ್ಟ್ ಆದಾಗ ಅಪಾಯ.

ಕ್ಲ್ಯಾಂಪ್ ಹಾಕಿದ ಮೇಲೂ ಕುಣಿದರೆ ಡ್ರೈವ್‌ನ ಮಾಡೆಲ್, ಮೋಟಾರ್ ಕೇಬಲ್‌ನ ಉದ್ದ ತಿಳಿಸಿ.