ಹಾಸನದ ಆಕಾಶವಾಣಿಯಲ್ಲಿ ರಾಜಕೀಯ ಯಾಕೆ ಕೇಳಿಸಲ್ಲ?

"ಹಾಸನಕ್ಕೆ ಹೊಸಬ. ಇಲ್ಲಿನ ಆಕಾಶವಾಣಿಯಲ್ಲಿ ಬರೀ ರೈತರು, ಆರೋಗ್ಯ, ಹಾಡು. ರಾಜ್ಯ ರಾಜಕೀಯದ ಚರ್ಚೆಯೇ ಇಲ್ಲ. ಇದನ್ನು ಕೇಳಿ ಏನು ಗೊತ್ತಾಗುತ್ತದೆ?" ಅಂತ ಕೇಳಿದ್ದೀರಿ.

ನಾನು ಆಲೂರು ಕಡೆಯವನು. ನಮ್ಮ ಕೊಟ್ಟಿಗೆಯ ಗೂಟಕ್ಕೆ ರೇಡಿಯೋ ನೇತು ಹಾಕಿರುತ್ತಿತ್ತು, ಹಾಲು ಕರೆಯುವ ಹೊತ್ತಿಗೆ ಹಾಸನ ಆಕಾಶವಾಣಿಯ 102.2 ಎಫ್‌ಎಂ ಶುರು. ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಟಿವಿ ತರಹ ನಾಲ್ಕು ಜನ ಕೂತು ಕಿರುಚುವುದು ಇಲ್ಲಿ ಸಿಗಲ್ಲ, ನಿಜ. ಅದು ಹಾಸನದವರ ಸಂಕೋಚ ಅಂದುಕೊಳ್ಳಬೇಡಿ. 1996ರಲ್ಲಿ ಪ್ರಧಾನಿಯಾದ ದೇವೇಗೌಡರ ತವರು ಜಿಲ್ಲೆ ಇದು. ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಮೂರು ಸರ್ಕಾರ ಬೀಳಿಸಿ ಎರಡು ಕಟ್ಟುತ್ತಾರೆ. ರೇಡಿಯೋ ಬಾಯಿ ಕಟ್ಟಿರುವುದು ಆಕಾಶವಾಣಿಯ ಹಳೇ ಪ್ರಸಾರ ಸಂಹಿತೆ. ಪಕ್ಷದ ಹೆಸರು ಹಿಡಿದು ಟೀಕಿಸುವಂತಿಲ್ಲ, ಕೇಂದ್ರವನ್ನಾಗಲಿ ಯಾವುದೇ ರಾಜ್ಯವನ್ನಾಗಲಿ ಹಗೆ ಸಾಧಿಸುವ ಹಾಗೆ ಬೈಯುವಂತಿಲ್ಲ. 1997ರಲ್ಲಿ ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ ಬಂತು, ಕಾಗದದ ಮೇಲೆ ಸ್ವಾಯತ್ತ ಆಯಿತು. ಹಳೇ ಭಯ ಮಾತ್ರ ಹೋಗಲಿಲ್ಲ. ಅದು ಬೇಕಾದ್ದಕ್ಕಿಂತ ಜಾಸ್ತಿ ಅಂತಲೇ ನನಗೆ ಅನಿಸುತ್ತದೆ. ಊರಿನ ಸಂಸ್ಥೆ, ಕಾಲೇಜುಗಳು ನಡೆಸುವ ಸಮುದಾಯ ರೇಡಿಯೋಗಳ ಕೈಯನ್ನು ಇನ್ನೂ ಬಿಗಿಯಾಗಿ ಕಟ್ಟಿದೆ. ಅವು ಸ್ವಂತ ಸುದ್ದಿ ಓದುವಂತೆಯೇ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೆಯೇ ಹಾಕಬಹುದು ಅಷ್ಟೇ.

ಆದರೆ ವಿಧಾನಸಭೆ ಚುನಾವಣೆ ಬಂದಾಗ ಪಕ್ಷಗಳಿಗೇ ಉಚಿತ ಸಮಯ. ಮಾನ್ಯತೆ ಪಡೆದ ಪಕ್ಷಕ್ಕೆ ಕನಿಷ್ಠ 45 ನಿಮಿಷ, ಹಿಂದಿನ ಚುನಾವಣೆಯ ಸಾಧನೆ ನೋಡಿ ಮೇಲಷ್ಟು. ಯಾರು ಯಾವಾಗ ಅನ್ನೋದಕ್ಕೆ ಚೀಟಿ ಎತ್ತುತ್ತಾರೆ. ಭಾಷಣ ಮೊದಲೇ ಬರೆದು ಕೊಡಬೇಕು. ಕೇಳಿದರೆ ನಿದ್ದೆ ಗ್ಯಾರಂಟಿ.

ಹಾಗಾದರೆ ರಾಜಕೀಯ ಎಲ್ಲಿದೆ? ನೀವು "ಬರೀ ರೈತರು" ಅಂದಿರಲ್ಲ, ಅಲ್ಲೇ ಇದೆ. ಮಳೆಗಾಲದಲ್ಲಿ ಗೊರೂರಿನ ನೀರಿನ ಮಟ್ಟ ಹೇಳುತ್ತಾರೆ. ಹೇಮಾವತಿ ಅಣೆಕಟ್ಟು ತುಂಬಿದರೆ 2922 ಅಡಿ. ಅದಕ್ಕೆ ಹತ್ತಿರ ಬಂತು ಅಂತ ಕೇಳಿದ ಕೂಡಲೇ ಅಪ್ಪ ಚೆಂಬು ಕೆಳಗಿಟ್ಟು, "ಇನ್ನು ತುಮಕೂರು ನಾಲೆಗೆ ಬಿಡ್ತಾರೆ, ನೋಡ್ತಿರು ಗಲಾಟೆ" ಅನ್ನುತ್ತಿದ್ದರು. ರೇಡಿಯೋ ಹೇಳಿದ್ದು ಒಂದು ಅಂಕಿ. ಯಾವ ಜಿಲ್ಲೆಗೆ ಎಷ್ಟು ನೀರು ಅನ್ನುವ ಜಗಳವನ್ನು ಕೇಳುವವರೇ ಸೇರಿಸಿಕೊಳ್ಳುತ್ತಾರೆ.

ಫೋನ್-ಇನ್ ಇನ್ನೂ ಮಜಾ. ಮೇ, ಜೂನ್ ಅಂದರೆ ನಮ್ಮಲ್ಲಿ ಆಲೂಗಡ್ಡೆ ಬಿತ್ತನೆ, ಬೀಜ ಬರುವುದು ದೂರದ ಜಲಂಧರ್‌ನಿಂದ. ಅಂಗಮಾರಿ ರೋಗ ಹೊಲಕ್ಕೆ ಹೊಲವನ್ನೇ ಸುಟ್ಟ ಮೇಲೆ ಎಷ್ಟೋ ಜನ ಮುಸುಕಿನ ಜೋಳಕ್ಕೆ ಹೋದರು. ಒಮ್ಮೆ ಯಾರೋ ಹಿರಿಯರು ಫೋನ್ ಮಾಡಿ ವಿಜ್ಞಾನಿಯನ್ನು ಕೇಳಿದರು: "ಔಷಧಿ ಹೊಡೆಯೋದು ಇರಲಿ ಸ್ವಾಮಿ, ಬೀಜವೇ ಕೊಳೆತಿದ್ದರೆ ಯಾರನ್ನ ಕೇಳೋದು?" ವಿಜ್ಞಾನಿ ಬೀಜೋಪಚಾರದ ಬಗ್ಗೆ ಹೇಳಲು ಶುರು ಮಾಡಿದರು. "ಅದಲ್ಲ ನಾನು ಕೇಳಿದ್ದು," ಅಂದರು ಹಿರಿಯರು. ಎರಡು ಕ್ಷಣ ಮೌನ. ಆಮೇಲೆ ಒಂದು ಚಿತ್ರಗೀತೆ.

ಆ ಎರಡು ಕ್ಷಣದ ಮೌನ ಟಿವಿಯಲ್ಲಿ ಎಲ್ಲಿ ಸಿಗುತ್ತೆ ಹೇಳಿ? ಮಂತ್ರಿ, ಶಾಸಕರ ಹೆಸರು ಬರಲಿಲ್ಲ, ಆದರೆ ಅವತ್ತು ಡೇರಿ ಹತ್ತಿರ ಅದೇ ಮಾತು.

ಯಾರು ರಾಜೀನಾಮೆ ಕೊಟ್ಟರು, ಯಾರಿಗೆ ಯಾವ ಖಾತೆ ಅನ್ನುವುದಕ್ಕೆ ಬೆಳಗಿನ ಪ್ರದೇಶ ಸಮಾಚಾರ ಸಾಕು, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಳಸುಳಿ ಬೇಕಾದರೆ ಪೇಪರ್ ಓದಿ. ಸಕಲೇಶಪುರದ ಕಡೆ ಮನೆ ಮಾಡಿದ್ದರೆ ಗುಡ್ಡದ ಮರೆಯಲ್ಲಿ ಎಫ್‌ಎಂ ಸಿಗುವುದು ಕಷ್ಟ, ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಳ್ಳಿ.

ಸುಮ್ನೆ ಕೇಳುವ ಬದಲು ನೀವೂ ಒಮ್ಮೆ ಫೋನ್ ಮಾಡಿ. ಲೈನ್ ಸಿಕ್ಕರೆ ಮನೆಯ ರೇಡಿಯೋ ಮೊದಲು ಆಫ್ ಮಾಡಿ. ನಾನು ಮಾಡಿರಲಿಲ್ಲ. ನಮ್ಮೂರ ರಸ್ತೆಯ ವಿಷಯ ಎತ್ತುವ ಮೊದಲೇ ಕುಂಯ್ ಅಂತ ಕಿರುಚಿತು. "ರೇಡಿಯೋ ವಾಲ್ಯೂಮ್ ಕಡಿಮೆ ಮಾಡಿ ಸರ್" ಅಂತ ಎರಡು ಸಲ ಹೇಳಿ, ಮುಂದಿನ ಕರೆಗೆ ಹೋದರು.